ಗೋಡೆಯಾಚೆಯ ಕೆರೆ

"ಯಾರಿಗೆ ಅಂಕಲ್, ಮೊಮ್ಮಗನಿಗಾ?" ಆರ್.ಟಿ. ನಗರದ ಗೇಮ್ ಪಾರ್ಲರಿನ ಸರ್ಫರಾಜ್ ಕೇಳಿದ.

"ಊಹೂಂ, ನಾನೇ ಆಡ್ಬೇಕು ಕಣಪ್ಪ," ಅಂದರು ದಾಸಪ್ಪ.

ಒಳಗಿದ್ದ ಕಾಲೇಜು ಹುಡುಗರೆಲ್ಲ ತಿರುಗಿ ನೋಡಿದರು. ಖಾಕಿ ತೊಟ್ಟ ಬಸ್ ಡ್ರೈವರು, ತಲೆ ನರೆತವರು, ವಿಡಿಯೊ ಗೇಮ್ ಆಡುತ್ತೇನೆಂದರೆ ಯಾರು ತಾನೇ ನೋಡುವುದಿಲ್ಲ! ದಾಸಪ್ಪನವರಿಗೆ ನಾಚಿಕೆಯಾಯಿತು. ಆದರೂ ಬಾಗಿಲ ಪಕ್ಕದ ಪೋಸ್ಟರಿನತ್ತ ಕೈ ತೋರಿಸಿದರು. "ಆ ಹಳೇ ಕಾರ್ ರೇಸು. ಹೊಸದಾಗಿ ಮಾಡವ್ರಂತಲ್ಲ, ಅದು."

"ರೀಮೇಕಾ! ಹಳೇದು ಮರ್ತೇಬಿಡಿ ಅಂಕಲ್. ನೀರು, ನೆರಳು, ಎಲ್ಲಾ ನಿಜವಾಗ್ಲೂ ಇದ್ದಂಗಿದೆ."

"ಏನ್ ನಿಜ ಮಚ್ಚಾ," ಮೂಲೆಯಲ್ಲಿದ್ದ ಹುಡುಗನೊಬ್ಬ ಗೊಣಗಿದ. "ಹಳೇ ಗೋಡೆಗೆ ಸುಣ್ಣ ಬಳ್ದು ಹೊಸಾ ಮನೆ ಅಂತಾರೆ."

ಈ ವಾದ ದಾಸಪ್ಪನವರಿಗೆ ಹೊಸದಲ್ಲ. ಅಲ್ಲಾಳಸಂದ್ರದ ಅವರ ಮನೆಯಲ್ಲೇ ನಡೆದಿತ್ತು. ಒಬ್ಬನೇ ಮಗ ವಾಸು ಆ ಹಳೇ ಗೇಮನ್ನು ಬಿಟ್ಟು ಕದಲುತ್ತಿರಲಿಲ್ಲ. ಎರಡನೇ ಭಾಗ ಬಂದಾಗ ಗೆಳೆಯರೆಲ್ಲ ಅದಕ್ಕೆ ಮುಗಿಬಿದ್ದರು, "ನೀನಿನ್ನೂ ತಾತನ ಕಾಲದಲ್ಲೇ ಇರು ಮಗಾ" ಎಂದು ವಾಸುವನ್ನು ಆಡಿಕೊಂಡರು. ಅವನು ಅಪ್ಪನ ಕಡೆ ನೋಡಿ ನಕ್ಕಿದ್ದ. ಕಾರಣ ಅವರಿಬ್ಬರಿಗೇ ಗೊತ್ತು. ಹಳೇ ಗೇಮಿನಲ್ಲಿ ಸೇತುವೆ ದಾಟಿದರೆ ಒಂದು ಕಲ್ಲುಗೋಡೆ. ಮಾಡಿದವರು ಅಲ್ಲೇನೋ ಎಡವಟ್ಟು ಮಾಡಿದ್ದರು. ನೋಡಲು ಗೋಡೆಯೇ, ಆದರೆ ಕಾರು ನುಗ್ಗಿಸಿದರೆ ಸಲೀಸಾಗಿ ಆಚೆ ಹೋಗುತ್ತಿತ್ತು. ಆಚೆಗೊಂದು ಕೆರೆ. ರೇಸಿಲ್ಲ, ನರಪಿಳ್ಳೆಯಿಲ್ಲ. ಅದನ್ನು ಕಂಡುಹಿಡಿದವರು ದಾಸಪ್ಪನವರೇ, ಅದೂ ತಿರುವಿನಲ್ಲಿ ತಿರುಗಿಸಲು ಬರದೆ ಗುದ್ದಿ! "ಬಸ್ಸೂ ಹಿಂಗೇ ಓಡಿಸ್ತೀಯೇನಪ್ಪಾ?" ಎಂದು ವಾಸು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಆಮೇಲೆ ಡ್ಯೂಟಿ ಮುಗಿಸಿ ಬಂದ ಸಂಜೆಗಳಲ್ಲಿ ಇಬ್ಬರೂ ತಮ್ಮ ಕಾರುಗಳನ್ನು ಆ ಕೆರೆಯ ದಂಡೆಯಲ್ಲಿ ನಿಲ್ಲಿಸಿಕೊಂಡು ಮಾತಾಡುತ್ತಿದ್ದರು. ಊಟಕ್ಕೆ ಎದುರುಬದುರು ಕೂತರೆ ಬಾಯಿ ಬಿಡದ ಅಪ್ಪ, ಮಗ ಅಲ್ಲಿ ಮಾತ್ರ ಎಲ್ಲ ಹೇಳಿಕೊಳ್ಳುತ್ತಿದ್ದರು. ಹೊರಡುವ ಹೊತ್ತಿಗೆ ದಾಸಪ್ಪ ಕಾರು ಕದಲಿಸುತ್ತಿರಲಿಲ್ಲ. "ಕಂಡಕ್ಟ್ರು ಯೋಳ್ದೆ ಗಾಡಿ ಎತ್ತೋನಲ್ಲ ನಾನು," ಅನ್ನುತ್ತಿದ್ದರು. ವಾಸು "ರೈಟ್, ರೈಟ್!" ಎಂದು ಕೂಗಿದ ಮೇಲೇ ಹೊರಡುವುದು.

ಒಂದು ಮಳೆಗಾಲದಲ್ಲಿ ಡೆಂಗಿ ಜ್ವರ ವಾಸುವನ್ನು ಕರೆದುಕೊಂಡು ಹೋಯಿತು. ತಿಥಿಯ ದಿನ ಅವನ ಬಟ್ಟೆಬರೆ ಯಾರಿಗೋ ಕೊಡುವಾಗ ದಾಸಪ್ಪ ಗೇಮಿನ ಪೆಟ್ಟಿಗೆಯನ್ನೂ ಡಿಸ್ಕುಗಳನ್ನೂ ಅದರ ಜೊತೆಗೇ ಕೊಟ್ಟುಬಿಟ್ಟರು. ಕಣ್ಣಿಗೆ ಬೀಳದಿದ್ದರೆ ಸಾಕಾಗಿತ್ತು. ಹೆಂಡತಿ ಕಲಾವತಿ "ಅದೊಂದಾದ್ರೂ ಇರ್ಲಿ ಬುಡಿ" ಎಂದು ಅತ್ತರೂ ಕೇಳಲಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಆ ಹಳೇ ಗೇಮು ಎಲ್ಲೂ ಸಿಗಲಿಲ್ಲ. ಅಯ್ಯೋ, ಎಂಥ ಕೆಲಸ ಮಾಡಿಕೊಂಡೆನಲ್ಲ ಎಂದು ಹಣೆ ಚಚ್ಚಿಕೊಂಡದ್ದೇ ಬಂತು. ಈಗ ಬಸ್ಸು ಓಡಿಸುವಾಗ ಈ ಪೋಸ್ಟರ್ ಕಂಡಿದ್ದೇ ತಡ, ಒಂದೇ ಆಸೆ ಹುಟ್ಟಿತ್ತು: ಇನ್ನೊಂದು ಸಲ ಆ ಕೆರೆಯ ದಂಡೆಗೆ ಹೋಗಿ ಬರಬೇಕು.

ಸರ್ಫರಾಜ್ ಅವರ ಕೈಗೆ ಆಟದ ಪ್ಯಾಡ್ ಕೊಟ್ಟ. ಬೆರಳುಗಳಿಗೆ ಎಲ್ಲ ನೆನಪಿತ್ತು. ಸೇತುವೆ ಬಂತು. ಗೋಡೆ ಬಂತು. ಕಲ್ಲುಗಳ ಸಂದಿನ ಪಾಚಿ ಕೂಡ ಕಾಣುತ್ತಿತ್ತು. ದಾಸಪ್ಪ ಕಾರು ನುಗ್ಗಿಸಿದರು.

ಕಾರು ಧಡ್ ಎಂದು ಬಡಿದು ನಿಂತಿತು. ರಿವರ್ಸ್ ತೆಗೆದುಕೊಂಡು ಮತ್ತೆ ಗುದ್ದಿದರು. ಕಾರಿನ ಗಾಜು ಪುಡಿಯಾಯಿತು.

"ಅಂಕಲ್, ರೋಡು ಆ ಕಡೆ!"

"ಇಲ್ಲಿ ದಾರಿ ಇತ್ತು ಕಣಪ್ಪ."

"ಓ, ಅದಾ! ಹಳೇದ್ರಲ್ಲಿ ಅದೊಂದು ತಪ್ಪಾಗಿತ್ತು ಅಂಕಲ್. ಇದ್ರಲ್ಲಿ ಎಲ್ಲಾ ಸರಿ ಮಾಡ್ಬಿಟ್ಟಿದಾರೆ," ಸರ್ಫರಾಜ್ ತಾನೇ ಸರಿಮಾಡಿದವನಂತೆ ಬೀಗಿದ.

"ಆಚೆಗೆ ಕೆರೆ?"

"ಆಚೆ ಏನೂ ಇಲ್ಲ."

ದಾಸಪ್ಪನವರಿಗೆ ದುಃಖ ಒತ್ತರಿಸಿ ಬಂತು. ಮಗ ಎರಡನೇ ಸಲ ಹೋದಂತಾಯಿತು. ಕಾರನ್ನು ಮೆಲ್ಲಗೆ ಹಿಂದಕ್ಕೆ ತಂದು ಗೋಡೆಯ ಪಕ್ಕದಲ್ಲಿ ಓರೆಯಾಗಿ ನಿಲ್ಲಿಸಿದರು, ಇನ್ನೊಂದು ಗಾಡಿಗೆ ಜಾಗ ಬಿಟ್ಟು. ಉಳಿದ ಕಾರುಗಳು ಅವರನ್ನು ದಾಟಿಕೊಂಡು ಹೋದವು.

"ಗಾಡಿ ಎತ್ತಿ ಅಂಕಲ್," ಅಂದ ಸರ್ಫರಾಜ್. "ಎಲ್ರೂ ಹೋಗ್ಬಿಟ್ರು."

ದಾಸಪ್ಪ ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿ ಕಾದರು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು.