ಪ್ರೈವೇಟ್ ಕೀ ಪಕ್ಕದವರಿಗಲ್ಲ

ವೈಟ್‌ಫೀಲ್ಡ್ ಪಕ್ಕದ ಹೂಡಿಯ ವಠಾರಗಳಲ್ಲಿ ಹೊರಗೆ ಹೋಗುವಾಗ ಮನೆ ಕೀ ಪಕ್ಕದವರಿಗೆ ಕೊಡುವುದು ರೂಢಿ. ತಪ್ಪಿಲ್ಲ. ಅಲ್ಲಿದ್ದ ಯಮನೂರ, ಕಂಪ್ಯೂಟರಿನ ಕೀಯನ್ನೂ ಹಾಗೇ ಕೊಟ್ಟ. ಅಲ್ಲಿ ಕೆಟ್ಟ.

ಕೊಪ್ಪಳ ಕಡೆಯ ಯಮನೂರನಿಗೆ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ. ಹೆಂಡತಿ ಶಿವಗಂಗಾಗೆ ಆಪರೇಷನ್ ಹೆರಿಗೆಯಾಗಿತ್ತು. ಕೂಸು ಎತ್ತಿಕೊಳ್ಳಲು ಬೇರೆ ಯಾರೂ ಇಲ್ಲ. "ಮನೆಯಿಂದಲೇ ಮಾಡು. ಸಂಜೆಯೊಳಗೆ ವಿಪಿಎನ್ ಕನೆಕ್ಟ್ ಆಗದಿದ್ದರೆ ನಾಳೆ ಆಫೀಸಿಗೆ ಬಾ" ಎಂದಿದ್ದರು ಮ್ಯಾನೇಜರ್.

ವಿಪಿಎನ್ ಎಂದರೆ ಮನೆಯಿಂದ ಆಫೀಸಿನ ಕಂಪ್ಯೂಟರಿಗೆ ಹೋಗುವ ಭದ್ರವಾದ ದಾರಿ. ಇವನೇ ಯಮನೂರ ಎನ್ನಲು ಒಂದು ಸರ್ಟಿಫಿಕೇಟ್ ಬೇಕು, ಅದಕ್ಕೆ ಜೋಡಿಯಾಗಿ ಪ್ರೈವೇಟ್ ಕೀ ಎಂಬ ಫೈಲ್ ಬೇಕು. ಎರಡೂ ಇದ್ದವು. ಆದರೂ ಅವನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಕನೆಕ್ಟ್ ಆಗಲಿಲ್ಲ. ಮೇಲಿನ ಮನೆಯ ದಿವ್ಯಾಳನ್ನು ಕರೆದ. ಅವಳು ಇನ್ನೊಂದು ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವಳು.

"ಕೀ ಫೈಲ್ ಎಲ್ಲಿದೆ ಅಣ್ಣ?"

"ಇಲ್ಲೂ ಐತ್ರಿ, ನಮ್ಮ ಆಫೀಸಿನ ರೇವಣಸಿದ್ದನ ಹತ್ರಾನೂ ಐತ್ರಿ. ನೀನ ಹಚ್ಚಿ ನೋಡಪಾ ಅಂತ ಎರಡೂ ಮೇಲ್ ಮಾಡೀನಿ."

"ಹೆಸರಲ್ಲೇ ಪ್ರೈವೇಟ್ ಅಂತಿದೆಯಲ್ಲಣ್ಣ."

"ನಮ್ಮೂರ ಹುಡುಗ್ರಿ ಅವ. ಕಳ್ಳ ಅಲ್ಲ."

"ಕಳ್ಳ ಅಂತ ಯಾರಂದ್ರು? ಅವನ ಮೇಲ್ ಇನ್ಯಾರೋ ತೆಗೆದ್ರೆ? ನಿಮ್ಮ ಕೀ ಹಿಡ್ಕೊಂಡು ಬಂದೋರೆಲ್ಲ ಆಫೀಸಿಗೆ ಯಮನೂರಾನೇ."

"ಡಿಲೀಟ್ ಮಾಡು ಅಂತೀನಿ ಬಿಡ್ರಿ."

"ಎಲ್ಲೆಲ್ಲಿ ಕಾಪಿ ಉಳಿದಿದೆಯೋ ಯಾರಿಗೆ ಗೊತ್ತು? ಆಫೀಸಿಗೆ ಹೇಳಿ ಆ ಸರ್ಟಿಫಿಕೇಟ್ ರದ್ದು ಮಾಡ್ಸಿ. ಆಗ ಆ ಕೀ ಯಾರ ಹತ್ರ ಇದ್ರೂ ಕೆಲಸಕ್ಕೆ ಬರಲ್ಲ."

"ಹೇಳಿದ್ರ ಮನಿಯಿಂದ ಮಾಡೋದೂ ಹೋಗ್ತೈತಿ."

ಶಿವಗಂಗಾ ಕೂಸಿನ ಬೆನ್ನು ತಟ್ಟುತ್ತಾ ಅಂದಳು: "ಮುಚ್ಚಿಟ್ರ ಕೆಲಸಾನ ಹೋಗ್ತೈತಿ. ಫೋನ್ ಹಚ್ರಿ."

ಹಚ್ಚಿದ. ಆಫೀಸಿನವರು ಬೈದರು. ಬೈಯಲೇಬೇಕು. ಹಳೆಯ ಸರ್ಟಿಫಿಕೇಟ್ ರದ್ದಾಯಿತು. ಯಮನೂರ ತನ್ನ ಲ್ಯಾಪ್‌ಟಾಪಿನಲ್ಲೇ ಹೊಸ ಕೀ ಮಾಡಿ, ಅದಕ್ಕೆ ಪಾಸ್‌ವರ್ಡ್ ಹಾಕಿ, ತಾನೊಬ್ಬನೇ ತೆರೆಯುವಂತೆ ಪರ್ಮಿಷನ್ ಬಿಗಿ ಮಾಡಿದ. ಆಫೀಸಿಗೆ ಕಳಿಸಿದ್ದು ಸರ್ಟಿಫಿಕೇಟಿನ ಅರ್ಜಿ ಮಾತ್ರ. ಕೀ ಮನೆ ದಾಟಲಿಲ್ಲ. ಹೊಸ ಸರ್ಟಿಫಿಕೇಟ್ ಬಂತು.

ದಿವ್ಯಾ ವಿಪಿಎನ್ ಸೆಟ್ಟಿಂಗ್ಸ್ ತೆಗೆದು ನಕ್ಕಳು. "ಆ ಕಡೆ ಇರೋದು ನಿಮ್ಮ ಆಫೀಸೇ ಅಂತ ತೋರಿಸೋಕೆ ಕಂಪನಿದೂ ಒಂದು ಸರ್ಟಿಫಿಕೇಟ್ ಇರುತ್ತೆ. ಅದನ್ನ ಹಾಕೋ ಜಾಗಕ್ಕೂ ನಿಮ್ಮದೇ ತುರುಕಿದ್ದೀರಲ್ಲ. ಓನರೂ ನೀವೇ, ನೌಕರನೂ ನೀವೇನಾ?"

ಕಂಪನಿಯದು, ತನ್ನದು, ಕೀ, ಮೂರನ್ನೂ ಅದರದರ ಜಾಗದಲ್ಲಿ ಇಟ್ಟ. ಕನೆಕ್ಟ್ ಆಯಿತು. ಮನೆಯಿಂದಲೇ ಕೆಲಸ ಮಾಡಲು ಮ್ಯಾನೇಜರ್ ಒಪ್ಪಿದರು.

ಅಷ್ಟರಲ್ಲಿ ರೇವಣಸಿದ್ದನ ಫೋನ್. "ನಂದು ಕನೆಕ್ಟ್ ಆಗವಲ್ದು. ನೀ ಹೊಸಾ ಕೀ ಮಾಡೀಯಂತಲ್ಲ, ಅದನ್ನ ಕಳಸೋ."

"ಊಟಕ್ಕ ಬಾ, ಕೂಸಿನ್ನ ನೋಡಿ ಹೋಗು. ಕೀ ಕೇಳಬ್ಯಾಡ" ಅಂದ ಯಮನೂರ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ನಿಮ್ಮ ಕೀಯನ್ನು ಯಾರಿಗೋ ಕಳಿಸಿ ಸುಮ್ಮನೆ ಕೂತಿದ್ದೀರಾ? ಈಗಲೇ ಆಫೀಸಿಗೆ ಹೇಳಿ. ಬೈದರೆ ಬೈಸಿಕೊಳ್ಳಿ. ನಿಮ್ಮ ಹೆಸರಲ್ಲಿ ಇನ್ನೊಬ್ಬ ಮಾಡಿದ ಕೆಲಸಕ್ಕೆ ಉತ್ತರ ಕೊಡುವುದಕ್ಕಿಂತ ಅದು ಎಷ್ಟೋ ವಾಸಿ.