ಬಿಚ್ಚದ ಕಾಪು

ಕುಲದೇವತೆ ಸೌಡಮ್ಮನಿಗೆ ಕತ್ತಿ ಹಾಕುವ ನೇಕಾರರ ಮನೆಯಲ್ಲಿ ಹುಟ್ಟಿದವನು ಲಿಂಗಸಾಮಿ. ವಿಜಯದಶಮಿಯ ದಿನ ಕತ್ತಿಯ ಹಿಡಿಗೆ ಅರಿಶಿನದ ದಾರದ ಕಾಪು ಕಟ್ಟಿ, "ತಗೋ ತಾಯೀ" ಎಂದು ಕೂಗುತ್ತ ತನ್ನ ಎದೆಗೇ ಹೊಡೆದುಕೊಳ್ಳಬೇಕು. ಕತ್ತಿ ಎತ್ತಿದವನ ರಕ್ತವನ್ನೇ ಅಮ್ಮ ಮೊದಲು ಕಾಣಬೇಕು, ಅದು ಕುಲದ ಕಟ್ಟಳೆ. ಆಮೇಲೆ ಕಟ್ಟಿದ ಕೈಯೇ ಕಾಪು ಬಿಚ್ಚಿ ನೀರಿಗೆ ಬಿಡಬೇಕು. ಬಿಚ್ಚುವ ತನಕ ಆ ಕತ್ತಿ ಮಾಡಿದ್ದೆಲ್ಲ ಕಟ್ಟಿದವನ ತಲೆಗೆ.

ಹೋದ ವರ್ಷ ಆಯುಧಪೂಜೆಗೆ, ಮಗಳು ಇಂದುಜಾ ಡ್ರೋನ್ ಜೋಡಿಸುವ ಕೊಯಮತ್ತೂರಿನ ವರ್ಕ್‌ಶಾಪಿನಿಂದ ಅವನಿಗೆ ಕರೆ ಬಂದಿತ್ತು. ಕಾಂಗೇಯಂ ಕಡೆಯ ತೆಂಗಿನ ತೋಟಗಳಲ್ಲಿ ಹುಳಕ್ಕೆ ಮದ್ದು ಹೊಡೆಯಲಿಕ್ಕೆ ಅಂದಿದ್ದಳು. ಅವಳಿಗೂ ಹಾಗೇ ಹೇಳಿದ್ದರು. ಅದೂ ಒಂದು ಆಯುಧವೇ ತಾನೇ ಎಂದು ಲಿಂಗಸಾಮಿ ಮೊದಲ ಡ್ರೋನಿಗೆ ಗಂಧ ಬಳಿದು, ಬೂದುಗುಂಬಳ ಒಡೆದು, ಅದರ ಕಾಲಿಗೆ ಕಾಪು ಕಟ್ಟಿದ. ಸಂಜೆ ಬಿಚ್ಚಲು ಹೋದರೆ ಲಾರಿ ಹೊರಟುಹೋಗಿತ್ತು. ಇರಲಿ, ನಾಲ್ಕು ತೋಟ ತಿರುಗಿ ಬರಲಿ ಅಂದುಕೊಂಡ.

ಈ ವರ್ಷವೂ ಕರೆದರು. ಆ ಕಾಪು ಬಿಚ್ಚಿಬಿಡಬೇಕೆಂಬ ಒಂದೇ ಆಸೆಯಿಂದ ಹೋದ. ಯಜಮಾನ ಮೋಹನ್ ರಾಜ್ ಕುಲದವನೇ. ದೊಡ್ಡ ಟಿವಿಯ ಮುಂದೆ ಕೂರಿಸಿದ.

"ಮಾಮಾ, ನೀವು ಕಾಪು ಕಟ್ಟಿದ್ರಲ್ಲ, ಅದೇ ಇದು. ಅದರ ಕಣ್ಣಿಂದ್ಲೇ ನೋಡಿ."

ಯಾವುದೋ ದೇಶದ ಅಂಗಳ. ಹಗ್ಗದ ಮೇಲೆ ಬಟ್ಟೆ. ಬಟ್ಟೆ ತೆಗೆಯುತ್ತಿದ್ದ ಹೆಂಗಸು ಸದ್ದಿಗೆ ತಲೆ ಎತ್ತಿದಳು. ಮುಖ ಹತ್ತಿರ ಬಂತು. ಪರದೆ ಬೆಳ್ಳಗಾಯಿತು. ಪೂಜೆಗೆ ಬಂದವರೆಲ್ಲ ಚಪ್ಪಾಳೆ ತಟ್ಟಿದರು.

"ಹುಳಕ್ಕೆ ಹೊಡೆಯೋದು ಅಂದ್ರಲ್ಲಪ್ಪ?"

"ಹುಳಕ್ಕೇ ಹೊಡೆದದ್ದು ಮಾಮಾ!" ಮೋಹನ್ ರಾಜ್ ನಕ್ಕ.

"ಆ ಬಟ್ಟೆ ತೆಗೀತಿದ್ದ ಅಮ್ಮಣಿ?"

"ನಮ್ಮಿಂದ ಕೊಂಡವರು ಹೊಡೆದ್ರು. ನಮಗ್ಯಾಕೆ ಅದು?"

"ಹೊಡೆದವನು ಎಲ್ಲಿದ್ದ?"

"ಎಲ್ಲೋ ಏಸಿ ರೂಮಲ್ಲಿ, ಟೀ ಕುಡೀತಾ. ಒಂದು ಗೀರೂ ಇಲ್ಲ ಅವನಿಗೆ! ಅದೇ ಮಾಮಾ ಇದರ ಹೆಚ್ಚುಗಾರಿಕೆ."

"ನನ್ನ ಕಾಪು?"

"ಡ್ರೋನ್ ಅಲ್ಲೇ ಸಿಡೀತಲ್ಲ, ಅದೂ ಜೊತೇಲೇ ಹೋಯ್ತು. ಏನು ಕೈಗುಣ ನಿಮ್ದು!"

ಬಸ್ಸಿನಲ್ಲಿ ಇಂದುಜಾ ಮೆಲ್ಲಗೆ ಅಂದಳು, "ನನಗೆ ಗೊತ್ತಿರಲಿಲ್ಲಪ್ಪ."

"ನನಗೂ ಗೊತ್ತಿರಲಿಲ್ಲ ಕಣ್ಣೂ. ಆ ಅಮ್ಮಣಿಗೂ ಗೊತ್ತಿರಲಿಲ್ಲ."

ಮರುದಿನ ಗುಡಿಯ ಮುಂದೆ ಅವನು ಕಾಪಿಲ್ಲದ ಕತ್ತಿ ಎತ್ತಿದ. ಉಳಿದವರೆಲ್ಲ ಕತ್ತಿ ಇಳಿಸಿದರೂ ಅವನ ಕೈ ನಿಲ್ಲಲಿಲ್ಲ. ಪೂಜಾರಿ ಬಾಲಸುಬ್ರಮಣಿಯನ್ ಓಡಿ ಬಂದು ಗಾಯಕ್ಕೆ ಭಂಡಾರ ಮೆತ್ತಿ, "ಸಾಕು ಲಿಂಗಣ್ಣಾ, ಅಮ್ಮ ಒಪ್ಪಿದಳು" ಅಂದ.

"ಒಪ್ಪಿದ್ರೆ ಬಿಚ್ಚಿಕೊಡಲಿ."

ಯಾರಿಗೂ ಅರ್ಥವಾಗಲಿಲ್ಲ. ಈ ಸಲ ಅಮ್ಮ ಎಂದೂ ಇಲ್ಲದ ಹಾಗೆ ಮೈಮೇಲೆ ಬಂದಳು ಎಂದು ಊರೆಲ್ಲ ಕೈ ಮುಗಿಯಿತು.

ಇಂದುಜಾ ಕೆಲಸ ಬಿಡಲಿಲ್ಲ. ಬಿಡು ಎನ್ನುವ ಬಾಯಿ ಅವನಿಗೂ ಇರಲಿಲ್ಲ. ಒಂದು ಸಂಜೆ ಬಂದವಳು ತಲೆ ಎತ್ತದೆ, ಹಳದಿ ದಾರದ ಉಂಡೆಯೊಂದನ್ನು ಜಗಲಿಯ ಮೇಲಿಟ್ಟಳು.

"ಮೋಹನಣ್ಣ ಕೊಟ್ರು. ಹೊಸ ಡ್ರೋನಿಗೆಲ್ಲ ಒಂದೊಂದು ಕಾಪು ಬೇಕಂತೆ."

ಲಿಂಗಸಾಮಿ ಉಂಡೆಯನ್ನು ಮುಟ್ಟಲಿಲ್ಲ. "ಕಟ್ಟಿದ್ದ ಒಂದನ್ನೇ ಬಿಚ್ಚಕ್ಕಾಗ್ಲಿಲ್ಲ ಅಂತ ಹೇಳು."

ಬೇರೆ ಯಾರೋ ಕಟ್ಟಿಕೊಟ್ಟರಂತೆ.