ಓಬಯ್ಯನಿಗೆ ಹೇಳಬೇಕಿದ್ದ ಮಾತು

ಕಾಯಿಲೆ ಬಿದ್ದವರ ಮುಂದೆ ಸಾವಿನ ಮಾತು ಎತ್ತಬಾರದು, ಎತ್ತಿದರೆ ಸಾವನ್ನು ಕೈಬೀಸಿ ಕರೆದಂತೆ. ಇದೊಂದು ಹುಚ್ಚು ನಮ್ಮ ಜನಕ್ಕೆ! ಚಳ್ಳಕೆರೆಯ ಇಮಾಂ ಬೀಗೂ ಈ ಹುಚ್ಚಿತ್ತು. ಅದರಿಂದ ಏನಾಯಿತು, ಕೇಳಿ.

ಸಾವಿರದ ಒಂಬೈನೂರ ಹದಿನೆಂಟನೇ ಇಸವಿ. ಮನೆಮನೆಗೂ ಜ್ವರ ನುಗ್ಗಿತ್ತು. ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಅವಳ ಗಂಡ ಮೌಲಾ ಸಾಬ್ ಹಾಸಿಗೆ ಹಿಡಿದ. ಎರಡನೇ ದಿನ ಅವನು ಹೆಂಡತಿಯ ಕೈ ಹಿಡಿದುಕೊಂಡ.

“ಇಮಾಂ, ಓಬಯ್ಯನ್ನ ಕರೆಸು. ಅವನಿಗೊಂದು ಮಾತು ಹೇಳಬೇಕು.”

ಓಬಯ್ಯ ಒಂದು ಕಾಲಕ್ಕೆ ಅವನ ಒಲೆಗೆ ತಿದಿ ಒತ್ತುತ್ತಿದ್ದವನು. ಏಳು ವರ್ಷದ ಹಿಂದೆ ಹತ್ತಿರದ ತಳಕು ಎಂಬ ಊರಿನಲ್ಲಿ ಕಲಾಯಿಗೆ ಬಂದ ತಾಮ್ರದ ಕೊಡವೊಂದು ಕಾಣೆಯಾಯಿತು. “ಇವನೇ ಕದ್ದೋನು,” ಎಂದು ಮೌಲಾ ಸಾಬ್ ಕಣ್ಣಾರೆ ಕಾಣದೆಯೇ ಊರ ಮುಂದೆ ಬೆರಳು ತೋರಿಸಿದ್ದ. ಆಮೇಲೆ ಓಬಯ್ಯನಿಗೆ ಯಾರೂ ಕೆಲಸ ಕೊಡಲಿಲ್ಲ. ಅವನು ಊರು ಬಿಟ್ಟು ದೂರದ ಸಿದ್ದಾಪುರದಲ್ಲಿ ಕಂಡವರ ಕುರಿ ಕಾಯುತ್ತಿದ್ದ.

“ಎದ್ದ ಮೇಲೆ ನೀವೇ ಹೋಗಿ ಹೇಳೀರಂತೆ. ಈಗ ಸುಮ್ನೆ ಮಲಗ್ರಿ,” ಎಂದು ಇಮಾಂ ಬೀ ಅವನ ಬಾಯಿಯ ಮೇಲೆ ಕೈಯಿಟ್ಟಳು.

ಅಷ್ಟರಲ್ಲಿ, ಈ ಮಾತು ಅಂಗಳದಿಂದಲೇ ಕೇಳಿಸಿಕೊಂಡ ಫಾತಿಮಾ ಬೀ ಬಂದಳು. ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವ ಮುದುಕಿ. ಇಮಾಂ ಬೀ ಬಾಗಿಲಿಗೆ ಅಡ್ಡ ನಿಂತಳು.

“ಹೊಸ್ತಿಲು ದಾಟಬ್ಯಾಡ್ರಿ ಖಾಲಾ! ನೀವು ಕಾಲಿಟ್ಟ ಮನೇಲಿ ಹೆಣ ಬೀಳ್ತೈತೆ.”

ಮುದುಕಿ ಹೊರಗೇ ನಿಂತಳು. “ಬೇಟಿ, ನಾನು ಬಂದ್ರೂ ಸಾವು ಬರ್ತೈತೆ, ಬರದಿದ್ರೂ ಬರ್ತೈತೆ. ಅದರ ಹೊತ್ತು ಅಲ್ಲಾ ಬರೆದಿಟ್ಟಾನೆ. ಮಂಚ ತಿರುಗಿಸು, ಮಖ ಕಿಬ್ಲಾ ಕಡೆ, ಪಡುವಣಕ್ಕೆ ಬರ್ಲಿ. ನಾಲಿಗೆ ಒಣಗಿದ್ರೆ ಹನಿ ನೀರು ಬಿಡು. ಕಲ್ಮಾ ಹೇಳ್ರಿ ಅಂತ ಪೀಡಿಸಬ್ಯಾಡ. ಕಿವಿ ಹತ್ರ ನೀನೇ ಮೆಲ್ಲಗೆ ಅಲ್ಲಾ ಒಬ್ಬನೇ ಅಂತ ಹೇಳ್ತಿರು, ಅವರೂ ಅಂತಾರೆ. ಅದಕ್ಕೂ ಮೊದ್ಲು ಓಬಯ್ಯನ್ನ ಕರೆಸು.”

“ಅವನ್ಯಾಕೆ? ನಮ್ಮ ಜನಾನೂ ಅಲ್ಲ.”

“ಅನ್ಯಾಯಕ್ಕೆ ಜಾತಿ ಐತೇನು? ನಮಾಜು ತಪ್ಪಿದ್ರೆ ಅಲ್ಲಾನ ಹತ್ರ ತೋಬಾ ಮಾಡಬಹುದು. ಮನುಷ್ಯನಿಗೆ ಮಾಡಿದ ತಪ್ಪಿಗೆ ಆ ಮನುಷ್ಯನ ಹತ್ರನೇ ಮಾಫಿ ಕೇಳಬೇಕು.”

“ಬಿಡ್ತು ಅನ್ರಿ! ನನ್ನ ಗಂಡ ಬದುಕ್ತಾನೆ,” ಎಂದು ಇಮಾಂ ಬೀ ಬಾಗಿಲು ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಗಂಟಲಲ್ಲಿ ಗೊರಗೊರ ಶುರುವಾಯಿತು. ಆಗ ಅವಳ ಜೀವ ಬಾಯಿಗೆ ಬಂತು. ಸಿದ್ದಾಪುರದ ಕಡೆ ಹೊರಟಿದ್ದ ಕ್ಯಾತಪ್ಪನ ಬಂಡಿಯಲ್ಲಿ ಹೇಳಿಕಳಿಸಿದಳು. ಮಂಚ ತಿರುಗಿಸಿದಳು. ಕಿವಿಯ ಬಳಿ ಕಲ್ಮಾ ಹೇಳಿದಳು. ಮೌಲಾ ಸಾಬನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಸಂಜೆಗೆ ಮಣ್ಣು ಮಾಡಿಬಂದರು.

ಓಬಯ್ಯ ಬಂದದ್ದು ಮೂರನೆಯ ದಿನ. ಅಂಗಳದಲ್ಲಿ ನಿಂತವನು ಒಂದೇ ಕೇಳಿದ.

“ಅಕ್ಕಾ, ನಾನು ಕದ್ದಿಲ್ಲ ಅಂತ ಅಂದ್ನಾ?”

ಹೂಂ ಎಂದುಬಿಡಬಹುದಿತ್ತು. ಇಮಾಂ ಬೀಗೆ ಸುಳ್ಳು ಬರಲಿಲ್ಲ. “ಏನೋ ಹೇಳಾಕೆ ಬಂದ್ರಪ್ಪ. ನಾನೇ ಬಾಯಿ ಮುಚ್ಚಿಸ್ದೆ. ನನ್ನ ಮಾಫ್ ಮಾಡು,” ಎಂದು ಸೆರಗೊಡ್ಡಿದಳು.

ಓಬಯ್ಯ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. “ಅವನ ತಪ್ಪು ಬಿಟ್ಟೆ ಅಕ್ಕಾ, ನಿಂದೂ ಬಿಟ್ಟೆ. ಆದ್ರೆ ನಾನು ಕಳ್ಳ ಅಲ್ಲ ಅಂತ ತಳಕಿನಾಗೆ ಇನ್ಯಾರು ಹೇಳ್ತಾರೆ? ಹೇಳಬೇಕಾದ ಒಂದು ಬಾಯಿನೂ ಮಣ್ಣಾಗೋಯ್ತು.”

ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದ ದಾರಿಯಲ್ಲೇ ಹೊರಟುಹೋದ. ನೀರು ಸಹ ಕುಡಿಯಲಿಲ್ಲ.

ವಾರದೊಳಗೆ ಇಮಾಂ ಬೀಯ ಅತ್ತೆಗೂ ಜ್ವರ ಬಂತು. ಈ ಸಲ ಇಮಾಂ ಬೀ ತಾನೇ ಓಡಿಹೋಗಿ ಫಾತಿಮಾ ಬೀಯನ್ನು ಕೈಹಿಡಿದು ಒಳಗೆ ಕರೆತಂದಳು. ಮಂಚದ ಪಕ್ಕ ಕೂತು, ಅಳುತ್ತಲೇ ಕೇಳಿದಳು: “ಅತ್ತೇ, ಯಾರಿಗಾದ್ರೂ ಹೇಳೋ ಮಾತು ಉಳಿದೈತಾ? ಈಗ್ಲೇ ಹೇಳ್ರಿ, ನಾನು ಕೇಳ್ತೀನಿ.”

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ? ಹೋಗುವವರು ಬಾಯಿ ತೆರೆದಾಗ ಮುಚ್ಚಿಸಬೇಡಿ. ಕಲ್ಮಾ ಕಿವಿಗೆ ಬೀಳಲಿ, ಮನಸ್ಸಿನ ಭಾರ ಇಳಿಯಲಿ. ಕಾಯಿಲೆ ಬರುವ ತನಕ ನೀವೂ ಕಾಯಬೇಡಿ. ಇದನ್ನು ಕೇಳುವಾಗ ನಿಮಗೂ ಯಾರದೋ ಹೆಸರು ನೆನಪಾಗಿರಬೇಕು. ಇವತ್ತೇ ಎದ್ದು ಅವರ ಮನೆಗೆ ಹೋಗಿ. ಮಾತು ಇರುವಾಗಲೇ ಹೋಗಿ.